ನೂಲಿನ ತೂಕ, ಬಟ್ಟೆಯ ತೂಕ: ಮಿತಾಕ್ಷರೆಯ ಒಂದು ವಾಕ್ಯದ ವಿಚಾರ

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗಪ್ರಕರಣದಿಂದಲೇ ಲೋಕಪ್ರಸಿದ್ಧವಾಗಿರುವುದು. 1810ರಲ್ಲಿ ಕೋಲ್‌ಬ್ರೂಕನು ಆ ಭಾಗವನ್ನು ಇಂಗ್ಲಿಷಿಗೆ ಪರಿವರ್ತಿಸಿದ ಮೇಲಂತೂ ನ್ಯಾಯಾಲಯಗಳಲ್ಲಿ ಮಿತಾಕ್ಷರೆಯೆಂದರೆ ಸೊತ್ತಿನ ವಿಭಾಗವೆಂದೇ ಅರ್ಥವಾಗಿಹೋಯಿತು. ಗ್ರಂಥದ ಉಳಿದ ಭಾಗವನ್ನು ಪಾಠಶಾಲೆಗಳಲ್ಲಿಯೂ ಅವಸರವಸರವಾಗಿ ದಾಟಿಹೋಗುವ ರೂಢಿಯುಂಟು. ಹಾಗೆ ದಾಟಿಹೋಗಲ್ಪಡುವ ಸ್ಥಳಗಳಲ್ಲಿ ವ್ಯವಹಾರಾಧ್ಯಾಯದ ಕ್ರೀತಾನುಶಯಪ್ರಕರಣವೂ ಒಂದು. ಕೊಂಡ ವಸ್ತುವಿನ ವಿಷಯದಲ್ಲಿ ಪಶ್ಚಾತ್ತಾಪವುಂಟಾದರೆ ಎಷ್ಟು ದಿವಸಗಳೊಳಗೆ ಅದನ್ನು ಪರೀಕ್ಷಿಸಿ ಹಿಂದಿರುಗಿಸಬಹುದೆಂಬುದು ಆ ಪ್ರಕರಣದ ಮುಖ್ಯ ವಿಷಯ. ಅದರ ಕೊನೆಯಲ್ಲಿ, ಕುಶಲಕರ್ಮಿಗಳ ಕೈಗೆ ಒಪ್ಪಿಸಿದ ದ್ರವ್ಯವು ಕೆಲಸ ಮುಗಿದು ಹಿಂದಕ್ಕೆ ಬರುವಾಗ ತೂಕದಲ್ಲಿ ಎಷ್ಟು ಕಡಮೆಯಾಗಬಹುದು, ಎಷ್ಟು ಹೆಚ್ಚಾಗಬೇಕು ಎಂಬ ಲೆಕ್ಕವನ್ನು ಮೂರು ಶ್ಲೋಕಗಳಲ್ಲಿ ಹೇಳಿದೆ. ಈ ಲೇಖನದ ವಿಷಯವು ಅವುಗಳಲ್ಲಿ ನೂಲಿಗೂ ಬಟ್ಟೆಗೂ ಸಂಬಂಧಪಟ್ಟ ಎರಡು ಶ್ಲೋಕಗಳು, ಮತ್ತು ಅವುಗಳ ಮೇಲೆ ವಿಜ್ಞಾನೇಶ್ವರನು ಬರೆದ ನಾಲ್ಕಾರು ಪಂಕ್ತಿಗಳು.

ವಿಜ್ಞಾನೇಶ್ವರನು ಕನ್ನಡನಾಡಿನವನು, ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ, ಎಂದರೆ 1076ರಿಂದ 1126ರ ವರೆಗಿನ ಅವಧಿಯಲ್ಲಿ, ಈ ಗ್ರಂಥವನ್ನು ಬರೆದನು. ಆ ಕಲ್ಯಾಣವೇ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಆತನು ಮಗ್ಗದ ವಿಷಯವನ್ನು ಬರೆಯುವಾಗ ಕೇವಲ ಪುಸ್ತಕವನ್ನು ನೋಡಿ ಬರೆದನೋ, ಕೇರಿಯ ಮಗ್ಗವನ್ನೂ ನೋಡಿದ್ದನೋ ಎಂಬ ಪ್ರಶ್ನೆಯು ಹುಟ್ಟುವುದು ಸಹಜ. ನೋಡಿದ್ದನೆಂದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ನಿರೂಪಿಸುವೆವು.

ಮೊದಲು ಸ್ಮೃತಿಯ ತಾತ್ಪರ್ಯವನ್ನು ಹೇಳುತ್ತೇವೆ. ಬೆಂಕಿಯಲ್ಲಿ ಕಾಯಿಸಿದರೆ ಚಿನ್ನವು ಸವೆಯುವುದಿಲ್ಲ. ಬೆಳ್ಳಿಯು ನೂರು ಪಲಕ್ಕೆ 2 ಪಲ, ತವರ ಮತ್ತು ಸೀಸಗಳು 8, ತಾಮ್ರವು 5, ಕಬ್ಬಿಣವು 10 ಪಲ ಸವೆಯುತ್ತವೆ. ಇದು ಅಕ್ಕಸಾಲೆ, ಕಂಚುಗಾರ, ಕಮ್ಮಾರರ ಲೆಕ್ಕ. ಇದರ ಹಿಂದೆಯೇ ನೇಕಾರನ ಲೆಕ್ಕವು ಬರುತ್ತದೆ. ಉಣ್ಣೆ ಮತ್ತು ಹತ್ತಿಯ ನೂಲನ್ನು ಕೊಟ್ಟರೆ ನೂರು ಪಲಕ್ಕೆ 10 ಪಲ ವೃದ್ಧಿ. ನೂಲು ಮಧ್ಯಮವಾಗಿದ್ದರೆ 5, ಸೂಕ್ಷ್ಮವಾಗಿದ್ದರೆ 3 ಪಲ ವೃದ್ಧಿ. ಚಿತ್ರಕರ್ಮವುಳ್ಳ ಬಟ್ಟೆಯಲ್ಲಿಯೂ ರೋಮವನ್ನು ಕಟ್ಟಿದ ಬಟ್ಟೆಯಲ್ಲಿಯೂ ಮೂವತ್ತರಲ್ಲಿ ಒಂದು ಪಾಲು ಕ್ಷಯ. ರೇಷ್ಮೆ ಮತ್ತು ನಾರುಬಟ್ಟೆಗಳಲ್ಲಿ ಕ್ಷಯವೂ ಇಲ್ಲ, ವೃದ್ಧಿಯೂ ಇಲ್ಲ. ನಾರದಸ್ಮೃತಿಯಲ್ಲಿಯೂ ಈ ಲೆಕ್ಕವೇ ಇರುವುದು.

ಇಲ್ಲಿ ವಿದ್ಯಾರ್ಥಿಗೆ ಮೊದಲ ತೊಡಕು ವೃದ್ಧಿಯೆಂಬ ಶಬ್ದದಿಂದಲೇ ಉಂಟಾಗುತ್ತದೆ. ಇದೇ ಅಧ್ಯಾಯದ ಋಣಾದಾನಪ್ರಕರಣದಲ್ಲಿ ವೃದ್ಧಿಯೆಂದರೆ ಬಡ್ಡಿ. ಆ ಸಂಸ್ಕಾರದಿಂದ ಬಂದವನು ಇಲ್ಲಿಯೂ ನೂಲಿನ ಸಾಲಕ್ಕೆ ಬಡ್ಡಿಯೆಂದೋ ನೇಕಾರನಿಗೆ ದೊರೆಯುವ ಲಾಭವೆಂದೋ ಅರ್ಥಮಾಡುವ ಸಂಭವವುಂಟು. ಎರಡೂ ಸರಿಯಲ್ಲ. ಯಜಮಾನನು ನೂಲನ್ನು ತೂಗಿ ಕೊಡುತ್ತಾನೆ; ನೇಕಾರನು ಬಟ್ಟೆಯನ್ನು ತೂಗಿ ಕೊಡುತ್ತಾನೆ; ಬಟ್ಟೆಯು ನೂಲಿಗಿಂತ ಹೆಚ್ಚು ತೂಗಬೇಕು. ಹೆಚ್ಚಾದ ಆ ತೂಕವೇ ವೃದ್ಧಿ. ಇಲ್ಲದಿದ್ದಲ್ಲಿ ನೇಕಾರನು ದಂಡಾರ್ಹನು. ಮನುವು ಹತ್ತು ಪಲ ನೂಲಿಗೆ ಹನ್ನೊಂದು ಪಲ ಬಟ್ಟೆಯನ್ನು ಕೊಡಬೇಕೆಂದೂ ಕೊಡದವನು ಹನ್ನೆರಡನ್ನು ತೆರಬೇಕೆಂದೂ ವಿಧಿಸಿದ್ದಾನೆ. ಆ ಹನ್ನೆರಡು ಪಣಗಳೆಂದು ಕುಲ್ಲೂಕಭಟ್ಟನ ವ್ಯಾಖ್ಯಾನ. ಕೌಟಿಲ್ಯನ ಅರ್ಥಶಾಸ್ತ್ರವೂ, ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಆ ಗ್ರಂಥವೂ, ಹತ್ತಕ್ಕೆ ಹನ್ನೊಂದು ಎಂಬ ಲೆಕ್ಕವನ್ನೇ ಹೇಳಿ, ವೃದ್ಧಿಯಲ್ಲಿ ಎಷ್ಟು ಕೊರತೆಯಾಯಿತೋ ಅದರ ಎರಡರಷ್ಟು ದಂಡವೆಂದಿದೆ. ಅಳತೆಯಲ್ಲಿ ಕಡಮೆಮಾಡಿದವನಿಗೆ ಒಂದು ದಂಡ, ತೂಕದಲ್ಲಿ ಕಡಮೆಮಾಡಿದವನಿಗೆ ಮತ್ತೊಂದು, ಕೊಟ್ಟ ನೂಲನ್ನು ಬದಲಾಯಿಸಿದವನಿಗೆ ಇನ್ನೊಂದು ಎಂದು ಕೌಟಿಲ್ಯನು ಬೇರೆಬೇರೆಯಾಗಿ ವಿಂಗಡಿಸಿರುವುದನ್ನು ನೋಡಿದರೆ, ಆ ಕಾಲದ ಯಜಮಾನರಿಗೆ ನೇಕಾರರಿಂದ ಯಾವ ಯಾವ ಭಯವಿದ್ದಿತೆಂಬುದು ಸ್ಪಷ್ಟವಾಗುವುದು.

ಆದರೆ ನೂಲಿಗಿಂತ ಬಟ್ಟೆಯು ಹೇಗೆ ಹೆಚ್ಚು ತೂಗೀತು? ಮಗ್ಗವು ನೂಲನ್ನು ಸೃಷ್ಟಿಸುವುದಿಲ್ಲವಷ್ಟೆ. ಲಾಳಿಯ ಓಟದಲ್ಲಿ, ಎಳೆಯ ಹರಿತದಲ್ಲಿ, ತುದಿಗಳ ಕತ್ತರಿಕೆಯಲ್ಲಿ ನೂಲು ಸ್ವಲ್ಪವಾದರೂ ನಷ್ಟವಾಗಲೇಬೇಕು. ಲೋಹಕ್ಕೆ ಕ್ಷಯವನ್ನು ಹೇಳಿದ ಸ್ಮೃತಿಕಾರನು ನೂಲಿಗೂ ಕ್ಷಯವನ್ನೇ ಹೇಳಬೇಕಾಗಿತ್ತು. ಈ ಶಂಕೆಗೆ ಸಮಾಧಾನವು ಕುಲ್ಲೂಕನಲ್ಲಿ ಒಂದು ಪದದಿಂದ ದೊರೆಯುತ್ತದೆ: ಹಿಟ್ಟು, ಅನ್ನ ಮೊದಲಾದವುಗಳು ನೂಲಿನೊಳಗೆ ಸೇರುವುದರಿಂದ ಎಂದು ಆತನು ಹೇಳುತ್ತಾನೆ. ಎಂದರೆ ಗಂಜಿ.

ಗಂಜಿಯು ಏಕೆ ಬೇಕೆಂಬುದನ್ನು ತಿಳಿಯಬೇಕಾದರೆ ಹತ್ತಿಯ ಸ್ವಭಾವವನ್ನು ನೋಡಬೇಕು. ಹತ್ತಿಯ ಎಳೆಯೆಂಬುದು ಬೀಜದ ಹೊರಸಿಪ್ಪೆಯ ಮೇಲೆ ಬೆಳೆಯುವ ಒಂದೊಂದೇ ಜೀವಕೋಶದ ಕೂದಲು. ನಮ್ಮ ದೇಶೀಯ ಹತ್ತಿಗಳಲ್ಲಿ ಅದರ ಉದ್ದವು ಸಾಮಾನ್ಯವಾಗಿ ಒಂದು ಅಂಗುಲದೊಳಗೇ ಇರುವುದು. ಕಾಯಿ ಒಡೆದು ಒಣಗಿದಾಗ ಆ ಕೂದಲು ಚಪ್ಪಟೆಯಾಗಿ ಹುರಿಹುರಿಯಾಗಿ ತಿರುಚಿಕೊಳ್ಳುತ್ತದೆ. ಈ ತಿರುಚು ಇರುವುದರಿಂದಲೇ ಒಂದು ಕೂದಲು ಮತ್ತೊಂದನ್ನು ಹಿಡಿದುಕೊಂಡು, ರಾಟೆಯ ಕದಿರಿನಲ್ಲಿ ನೂಲಾಗಲು ಸಾಧ್ಯವಾಗುವುದು. ಆದುದರಿಂದ ಹತ್ತಿಯ ನೂಲೆಂದರೆ ಒಂದು ತಂತುವಲ್ಲ, ಸಾವಿರಾರು ಗಿಡ್ಡ ಕೂದಲುಗಳ ಕೂಟ. ಅದರ ಮೈಯಿಂದ ತುದಿಗಳು ಎಲ್ಲೆಲ್ಲಿಯೂ ಹೊರಚಾಚಿಕೊಂಡಿರುತ್ತವೆ. ಇಂತಹ ನೂಲನ್ನು ಹಾಸಿನಲ್ಲಿ ಬಿಗಿದರೆ ಗತಿಯೇನು? ಹೊಕ್ಕಿನ ನೂಲಿಗೆ ಲಾಳಿಯೊಳಗೆ ಒಂದೇ ಓಟ. ಹಾಸಿನ ಎಳೆಯಾದರೋ ಬಟ್ಟೆಯಾಗುವ ವರೆಗೆ ಸಾವಿರಾರು ಸಲ ಏರಿ ಇಳಿದು, ಪಕ್ಕದ ಎಳೆಗೂ ಹಣಿಗೆಯ ಹಲ್ಲಿಗೂ ಉಜ್ಜಿಕೊಳ್ಳಬೇಕು. ಗಂಜಿಯಿಲ್ಲದ ಎಳೆಯು ಜೂಲುಜೂಲಾಗಿ ಹರಿದುಹೋಗುವುದು. ಗಂಜಿಯು ಹೊರಚಾಚಿದ ತುದಿಗಳನ್ನು ಮೈಗೆ ಅಂಟಿಸಿ, ಎಳೆಯ ಮೇಲೆ ತೆಳ್ಳನೆಯ ಕವಚದಂತೆ ನಿಲ್ಲುತ್ತದೆ. ನೇಕಾರರ ಕೇರಿಗಳಲ್ಲಿ ಮುಂಜಾನೆಯ ಹೊತ್ತಿನಲ್ಲಿ ಹಾಸನ್ನು ಬೀದಿಯುದ್ದಕ್ಕೂ ಗೂಟಗಳ ನಡುವೆ ಬಿಗಿದು, ದೊಡ್ಡ ಕುಂಚಗಳಿಂದ ಗಂಜಿಯನ್ನು ತೀಡಿ, ಎಳೆಎಳೆ ಬೇರೆಯಾಗಿರುವಂತೆ ಒಣಗಿಸುವ ಪದ್ಧತಿಯು ಹಳೆಯದು. ಬಿಸಿಲೇರಿದರೆ ಗಂಜಿಯು ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುವುದರಿಂದ ಮುಂಜಾನೆಯೇ ಪ್ರಶಸ್ತ.

ಈಗ ವಿಜ್ಞಾನೇಶ್ವರನ ಮಾತಿಗೆ ಬರೋಣ. ಆತನು ಸ್ಥೂಲವಾದ ಉಣ್ಣೆನೂಲಿಗೆ ಕಂಬಳಿಯನ್ನೂ, ಹತ್ತಿಯ ನೂಲಿಗೆ ಪಟವನ್ನೂ ಉದಾಹರಿಸಿ, ನೂರಕ್ಕೆ ಹತ್ತು, ಐದು, ಮೂರು ಎಂಬ ಮೂರು ತರಗತಿಗಳನ್ನು ವಿವರಿಸಿದ ಮೇಲೆ, ಕೊನೆಗೆ ಒಂದು ಸಣ್ಣ ವಾಕ್ಯವನ್ನು ಸೇರಿಸುತ್ತಾನೆ: ಇದು ತೊಳೆಯದ ಬಟ್ಟೆಯ ವಿಷಯವೆಂದು. ಮೂಲದಲ್ಲಿ ಇದಕ್ಕೆ ಆಧಾರವಾದ ಶಬ್ದವಿಲ್ಲ. ಯಾಜ್ಞವಲ್ಕ್ಯನು ತೊಳೆದುದು, ತೊಳೆಯದುದು ಎಂಬ ಭೇದವನ್ನೇ ಎತ್ತಿಲ್ಲ. ಗಂಜಿಯೆಂಬ ಹೆಸರನ್ನು ವಿಜ್ಞಾನೇಶ್ವರನು ಹೇಳಲಿಲ್ಲವಾದರೂ, ಗಂಜಿಯನ್ನು ಬಲ್ಲವನು ಮಾತ್ರ ಈ ವಾಕ್ಯವನ್ನು ಬರೆಯಬಲ್ಲನು. ನೀರಿಗೆ ಬಿದ್ದ ಕೂಡಲೆ ಬಿಟ್ಟುಹೋಗುವ ವೃದ್ಧಿಯು ನೂಲಿನದಲ್ಲ, ನೂಲಿಗೆ ಅಂಟಿದುದರದು ಎಂಬ ವಿವೇಕವು ಇದರಲ್ಲಿದೆ. ಆತನು ಮಗ್ಗವನ್ನು ನೋಡಿದ್ದನೆಂದು ನಾವು ಮೇಲೆ ಹೇಳಿದುದಕ್ಕೆ ಕಾರಣವು ಇದೇ.

ವ್ಯವಹಾರದಲ್ಲಿ ಈ ವಾಕ್ಯದ ಬೆಲೆಯು ಸಾಮಾನ್ಯವಲ್ಲ. ನೂರು ಪಲ ನೂಲನ್ನು ಪಡೆದ ನೇಕಾರನೊಬ್ಬನು ಅದರಲ್ಲಿ ಹತ್ತು ಪಲವನ್ನು ಅಪಹರಿಸಿ, ಉಳಿದುದಕ್ಕೆ ಗಂಜಿಯನ್ನು ಹಾಕಿ ನೆಯ್ದು, ಸರಿಯಾಗಿ ನೂರು ಪಲ ತೂಗುವ ಬಟ್ಟೆಯನ್ನು ಕೊಟ್ಟನೆನ್ನೋಣ. ತಕ್ಕಡಿಯನ್ನು ಮಾತ್ರ ನೋಡುವ ಯಜಮಾನನು ಕೊಟ್ಟಷ್ಟು ಬಂದಿತೆಂದು ತೃಪ್ತನಾಗುವನು. ಸ್ಮೃತಿಯು ವೃದ್ಧಿಯನ್ನು ವಿಧಿಸಿದುದು ಈ ಕಳವನ್ನು ತಡೆಯುವುದಕ್ಕಾಗಿ. ಇದಕ್ಕೆ ಪ್ರತಿಯಾಗಿ, ಪ್ರಾಮಾಣಿಕನಾದ ನೇಕಾರನೊಬ್ಬನು ಬಟ್ಟೆಯನ್ನು ಒಗೆಯಿಸಿ ಮಡಿಸಿ ತಂದರೆ ಅದು ನೂರು ಪಲಕ್ಕಿಂತಲೂ ಸ್ವಲ್ಪ ಕಡಮೆಯೇ ತೂಗಬಹುದು. ಆಗ ಸ್ಮೃತಿಯ ಅಕ್ಷರವನ್ನೇ ಹಿಡಿದರೆ ನಿರಪರಾಧಿಗೆ ದಂಡವಾಗುವುದು. ಮೊದಲನೆಯ ಅನ್ಯಾಯವನ್ನು ಸ್ಮೃತಿಯು ತಡೆದರೆ ಎರಡನೆಯದನ್ನು ವ್ಯಾಖ್ಯಾನವು ತಡೆಯಿತು.

ತೊಳೆಯದ ಬಟ್ಟೆಯು ಬೇರೊಂದು ವಸ್ತುವೇ ಎಂಬ ಅರಿವು ಸಂಸ್ಕೃತದಲ್ಲಿ ಬಹಳ ಪ್ರಾಚೀನವಾದುದು. ಮಗ್ಗದಿಂದ ಈಗತಾನೆ ಇಳಿಸಿದ ಬಟ್ಟೆಗೆ ತಂತ್ರಕವೆಂಬ ಶಬ್ದವುಂಟು. ಈ ಅರ್ಥದಲ್ಲಿ ಅದನ್ನು ಸಾಧಿಸುವುದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮೀಸಲಿಟ್ಟಿದ್ದಾನೆ. ನಿಷ್ಪ್ರವಾಣಿಯೆಂಬ ಇನ್ನೊಂದು ಶಬ್ದವನ್ನೂ ಪಾಣಿನಿಯು ನಿಪಾತನದಿಂದ ಸಾಧಿಸಿರುವನು. ಪ್ರವಾಣಿಯೆಂದರೆ ಲಾಳಿ, ಲಾಳಿಯ ಕೆಲಸವು ಮುಗಿದು ಹೊರಬಂದ ಬಟ್ಟೆಯೆಂದು ಅರ್ಥ. ಅಮರಸಿಂಹನು ಈ ಎರಡನ್ನೂ ಅನಾಹತವೆಂಬುದರೊಡನೆ ಹೊಸ ಬಟ್ಟೆಯ ಪರ್ಯಾಯಗಳಾಗಿ ಪಠಿಸಿದ್ದಾನೆ. ಅನಾಹತವೆಂದರೆ ಒಗೆಯುವ ಕಲ್ಲಿನ ಪೆಟ್ಟನ್ನು ಇನ್ನೂ ತಿನ್ನದುದು. ತೊಳೆದ ಬಟ್ಟೆಗಳ ಜೋಡಿಗೆ ಉದ್ಗಮನೀಯವೆಂಬ ಬೇರೆಯೇ ಹೆಸರು. ನಮ್ಮ ಅಂಗಡಿಗಳಲ್ಲಿ ಕೋರಾ ಬಟ್ಟೆಯೆಂಬ ಮಾತು ಈ ತಂತ್ರಕದ ಸ್ಥಾನದಲ್ಲಿರುವುದು. ಅಮರಕೋಶವನ್ನು ಪಾಠಹೇಳುವಾಗ ಇವೆಲ್ಲವನ್ನೂ ಹೊಸ ಬಟ್ಟೆಯೆಂಬ ಒಂದೇ ಮಾತಿನಿಂದ ಮುಗಿಸಿಬಿಡುವುದುಂಟು. ಗಂಜಿಯಿನ್ನೂ ಮೈಮೇಲಿರುವ ಬಟ್ಟೆಯೆಂದು ಒಂದು ಮಾತನ್ನು ಸೇರಿಸಿ ಹೇಳಿದರೆ ಮಿತಾಕ್ಷರೆಯ ವಾಕ್ಯವೂ ಅಲ್ಲಿಯೇ ಅರ್ಥವಾಗಿಬಿಡುವುದು.

ರೇಷ್ಮೆಯಲ್ಲಿ ವೃದ್ಧಿಯಾಗಲಿ ಕ್ಷಯವಾಗಲಿ ಏಕಿಲ್ಲ? ಹುಳುವು ತನ್ನ ಗೂಡಿಗಾಗಿ ಹೊರಡಿಸುವ ತಂತುವು ನೂರಾರು ಗಜಗಳ ಉದ್ದಕ್ಕೆ ಒಂದೇ ಆಗಿ ಅಖಂಡವಾಗಿರುವುದು. ಹತ್ತಿಯ ನೂಲಿನಂತೆ ಹೊರಚಾಚಿದ ತುದಿಗಳು ಅದಕ್ಕಿಲ್ಲ. ಸಾಲದುದಕ್ಕೆ ಪ್ರಕೃತಿಯೇ ಅದಕ್ಕೆ ಒಂದು ಅಂಟನ್ನು ಲೇಪಿಸಿ ಕಳುಹಿಸಿದೆ. ಈಗಿನ ರಸಾಯನಶಾಸ್ತ್ರದಲ್ಲಿ ಅದನ್ನು ಸೆರಿಸಿನ್ ಎನ್ನುತ್ತಾರೆ. ಹೀಗೆ ತನ್ನ ಗಂಜಿಯನ್ನು ತಾನೇ ಹೊತ್ತುಕೊಂಡು ಬರುವ ನೂಲಿಗೆ ನೇಕಾರನು ಅಕ್ಕಿಯ ಗಂಜಿಯನ್ನು ಹಾಕಬೇಕಾದುದಿಲ್ಲ. ಆದುದರಿಂದ ವೃದ್ಧಿಯಿಲ್ಲ, ಎಳೆಯು ಗಟ್ಟಿಯಾದುದರಿಂದ ಹೇಳಿಕೊಳ್ಳುವಂತಹ ಕ್ಷಯವೂ ಇಲ್ಲ. ಎಷ್ಟು ಕೊಟ್ಟರೋ ಅಷ್ಟನ್ನೇ ಹಿಂದಕ್ಕೆ ಪಡೆಯಬೇಕೆಂದು ವಿಜ್ಞಾನೇಶ್ವರನು ನಿರ್ಣಯಿಸಿರುವನು.

ಆದರೆ ಇಲ್ಲಿಯೂ ತೊಳೆಯುವಿಕೆಯ ಪ್ರಶ್ನೆಯು ಅಡಗಿದೆ. ಹಸಿರೇಷ್ಮೆಯ ತೂಕದಲ್ಲಿ ಈ ಅಂಟಿನ ಪಾಲು ನೂರಕ್ಕೆ 20ರಿಂದ 30ರ ವರೆಗೆ ಇರುವುದು. ಕ್ಷಾರದ ಅಥವಾ ಸಾಬೂನಿನ ಬಿಸಿನೀರಿನಲ್ಲಿ ಕುದಿಸಿದರೆ ಅಂಟು ಹೋಗಿ, ಒರಟಾಗಿದ್ದ ಎಳೆಯು ಮೆತ್ತಗಾಗಿ, ರೇಷ್ಮೆಯ ಪ್ರಸಿದ್ಧವಾದ ಹೊಳಪು ಆಗ ಹೊರಬೀಳುತ್ತದೆ. ಹಸಿನೂಲನ್ನು ತೂಗಿಸಿಕೊಂಡು ಕುದಿಸಿದ ಬಟ್ಟೆಯನ್ನು ಹಿಂದಿರುಗಿಸುವ ನೇಕಾರನಿಗೆ ಕ್ಷಯವಿಲ್ಲವೆಂಬ ನಿಯಮವನ್ನು ಅನ್ವಯಿಸಿದರೆ ಆತನು ಮನೆಮಾರನ್ನು ಮಾರಬೇಕಾದೀತು. ಆದುದರಿಂದ ತೊಳೆಯದುದೆಂಬ ವಿಶೇಷಣವನ್ನು ವಿಜ್ಞಾನೇಶ್ವರನು ಹತ್ತಿ ಉಣ್ಣೆಗಳ ಶ್ಲೋಕದ ಕೆಳಗೆ ಬರೆದಿದ್ದರೂ, ಮುಂದಿನ ಶ್ಲೋಕದ ಕೌಶೇಯಕ್ಕೂ ಅದನ್ನು ಅನುವೃತ್ತಿಮಾಡಿಕೊಳ್ಳುವುದು ಅವಶ್ಯಕವೆಂದು ನಮಗೆ ತೋರುತ್ತದೆ. ಹಸಿಯಾಗಿ ಕೊಟ್ಟುದನ್ನು ಹಸಿಯಾಗಿಯೇ, ಕುದಿಸಿ ಕೊಟ್ಟುದನ್ನು ಕುದಿಸಿದುದಾಗಿಯೇ ತೂಗಿದರೆ ಮಾತ್ರ ನಿಯಮವು ಸಂಗತವಾಗುವುದು. ತೊಳೆದ ರೇಷ್ಮೆಯು ಬೇರೊಂದು ಪದಾರ್ಥವೆಂಬುದು ಪ್ರಾಚೀನರಿಗೆ ತಿಳಿಯದ ಸಂಗತಿಯೇನೂ ಅಲ್ಲ: ಅಮರನು ಧೌತಕೌಶೇಯಕ್ಕೆ ಪತ್ರೋರ್ಣವೆಂದು ಪ್ರತ್ಯೇಕವಾದ ಹೆಸರನ್ನು ಕೊಟ್ಟಿದ್ದಾನೆ. ಕೌಟಿಲ್ಯನಲ್ಲಿ ಪತ್ರೋರ್ಣದ ಅರ್ಥವು ಬೇರೆ. ಅಲ್ಲಿ ಅದು ಮಗಧ, ಪುಂಡ್ರ, ಸುವರ್ಣಕುಡ್ಯಗಳಲ್ಲಿ ನಾಗವೃಕ್ಷ, ಲಿಕುಚ, ಬಕುಳ, ವಟಗಳಿಂದ ದೊರೆಯುವುದು, ಹಳದಿ, ಗೋದಿ, ಬಿಳಿ, ಬೆಣ್ಣೆ ಬಣ್ಣಗಳುಳ್ಳದ್ದು. ಪ್ರಾಯಶಃ ಆ ಮರಗಳ ಎಲೆಯನ್ನು ತಿಂದು ಬೆಳೆಯುವ ಕಾಡುಹುಳುಗಳ ರೇಷ್ಮೆ. ಒಂದೇ ಶಬ್ದವು ಮೊದಲು ಹುಟ್ಟನ್ನು ಹೇಳಿ ಆಮೇಲೆ ಸಂಸ್ಕಾರವನ್ನು ಹೇಳುವಂತಾಯಿತು.

ಶಬ್ದಗಳ ಮಾತು ಬಂದುದರಿಂದ, ಕಾವ್ಯಪಾಠಕರಲ್ಲಿ ರೂಢಿಯಾಗಿರುವ ಒಂದು ಭ್ರಮೆಯನ್ನೂ ಇಲ್ಲಿಯೇ ಸೂಚಿಸುತ್ತೇವೆ. ಕ್ಷೌಮ, ದುಕೂಲ, ಕೌಶೇಯ, ಪಟ್ಟ ಎಂಬುವುಗಳಲ್ಲಿ ಯಾವುದು ಬಂದರೂ ರೇಷ್ಮೆಯ ಸೀರೆಯೆಂದು ಹೇಳಿ ಮುಂದೆ ಹೋಗುವ ಪದ್ಧತಿಯುಂಟು. ಅಮರಸಿಂಹನಾದರೋ ಬಟ್ಟೆಯನ್ನು ಹುಟ್ಟಿನಿಂದ ನಾಲ್ಕು ವರ್ಗವಾಗಿ ವಿಭಾಗಿಸಿದ್ದಾನೆ: ತೊಗಟೆಯ ನಾರಿನಿಂದ ಬಂದುದು, ಕಾಯಿಯಿಂದ ಬಂದುದು, ಹುಳುವಿನ ಗೂಡಿನಿಂದ ಬಂದುದು, ಮೃಗಗಳ ರೋಮದಿಂದ ಬಂದುದು. ಕ್ಷೌಮವನ್ನು ಮೊದಲನೆಯ ವರ್ಗದಲ್ಲಿ ಇಟ್ಟಿರುವನು. ಕ್ಷುಮಾ ಎಂದರೆ ಅತಸೀ, ನಮ್ಮ ಅಗಸೆ. ಅದರ ಕಾಂಡದ ನಾರಿನ ಬಟ್ಟೆಯೇ ಕ್ಷೌಮ. ನಮ್ಮ ಧಾರವಾಡ ವಿಜಾಪುರಗಳ ಕಡೆಯಲ್ಲಿ ಅಗಸೆಯನ್ನು ಎಣ್ಣೆಗೂ ಚಟ್ನಿಪುಡಿಗೂ ಬೆಳೆಯುತ್ತಾರೆಯೇ ಹೊರತು ನಾರಿಗಾಗಿ ಬೆಳೆಯುವುದಿಲ್ಲವಾದುದರಿಂದ ಈ ಅರ್ಥವು ನಮಗೆ ಮರೆತುಹೋಗಿರಬಹುದು. ಅಮರನ ಈ ವಿಭಾಗವು ಇಂದಿನ ತಂತುಶಾಸ್ತ್ರದ ವಿಭಾಗದೊಡನೆ ಹೊಂದಿಕೊಳ್ಳುವ ರೀತಿಯು ಆಶ್ಚರ್ಯಕರ. ಮೊದಲೆರಡು ವರ್ಗಗಳು ಸಸ್ಯದ ಸೆಲ್ಯುಲೋಸಿನಿಂದಲೂ ಕೊನೆಯೆರಡು ಪ್ರಾಣಿಗಳ ಪ್ರೋಟೀನಿನಿಂದಲೂ ಆದವು. ಮನುಷ್ಯನೇ ಕಾರ್ಖಾನೆಯಲ್ಲಿ ತಯಾರಿಸುವ ತಂತುಗಳು ಬಂದ ಮೇಲೆ ಐದನೆಯ ವರ್ಗವೊಂದನ್ನು ಸೇರಿಸಬೇಕಾಯಿತು, ಅಷ್ಟೆ. ಕ್ಷೌಮವೂ ದುಕೂಲವೂ ಅಮರನಿಗೆ ಪರ್ಯಾಯಗಳು, ಕೌಟಿಲ್ಯನಿಗೆ ಅಲ್ಲ. ಆತನು ನೆಯ್ಗೆಯ ಕೂಲಿಯನ್ನು ಸಾಮಾನ್ಯವಾಗಿ ನೂಲಿನ ಬೆಲೆಯಷ್ಟೆಂದು ಹೇಳಿ, ಕ್ಷೌಮ ಕೌಶೇಯಗಳಿಗೆ ಒಂದೂವರೆಪಟ್ಟು, ಪತ್ರೋರ್ಣ ಕಂಬಲ ದುಕೂಲಗಳಿಗೆ ಎರಡುಪಟ್ಟು ಎಂದು ನಿಗದಿಮಾಡಿರುವನು. ಕೂಲಿಯು ಬೇರೆಯೆಂದಮೇಲೆ ಬಟ್ಟೆಯೂ ಬೇರೆಯೇ.

ನಾರುಬಟ್ಟೆಗೆ ವೃದ್ಧಿಯಿಲ್ಲದಿರುವುದಕ್ಕೂ ಹೆಚ್ಚುಕಡಮೆ ರೇಷ್ಮೆಯ ಕಾರಣವನ್ನೇ ಹೇಳಬಹುದು. ಕಾಂಡದ ನಾರು ಹತ್ತಿಯ ಕೂದಲಿಗಿಂತ ಬಹಳ ಉದ್ದವಾದುದು. ಅದರಲ್ಲಿಯೂ ತೊಗಟೆಯ ಅಂಟು ಕೊಂಚ ಉಳಿದಿರುತ್ತದೆ.

ಉಣ್ಣೆಯ ವಿಷಯವು ಮೊದಲ ನೋಟಕ್ಕೆ ವಿರುದ್ಧವಾಗಿ ಕಾಣುವುದು. ಉಣ್ಣೆಯೂ ರೇಷ್ಮೆಯಂತೆ ಪ್ರಾಣಿಜನ್ಯ. ಅದನ್ನು ಸ್ಮೃತಿಕಾರನು ರೇಷ್ಮೆಯ ಜೊತೆಗೆ ಸೇರಿಸದೆ ಹತ್ತಿಯ ಜೊತೆಗೆ ಏಕೆ ಸೇರಿಸಿದನು? ಯೂರೋಪಿನ ನೆಯ್ಗೆಯ ಪುಸ್ತಕಗಳನ್ನು ಮಾತ್ರ ಓದಿದವರಿಗೆ ಇದು ಬಿಡಿಸಲಾರದ ಗಂಟಾಗಿ ತೋರಬಹುದು. ಕನ್ನಡನಾಡಿನವರಿಗೆ ಹಾಗಾಗಬಾರದು. ನಮ್ಮ ಕುರುಬರು ಕಂಬಳಿಯನ್ನು ನೆಯ್ಯುವಾಗ ಹುಣಿಸೆಬೀಜವನ್ನು ಅರೆದು ಬೇಯಿಸಿದ ಸರಿಯನ್ನು ಹಾಸಿಗೆ ಹಚ್ಚುತ್ತಾರೆ. ದಕ್ಷಿಣಾಪಥದ ಕುರಿಯ ಉಣ್ಣೆಯು ಒರಟು, ಬಿರುಸು. ಕೈಯಿಂದ ತೆಗೆದ ಅದರ ನೂಲು ದಪ್ಪವಾಗಿಯೂ ಸಡಿಲವಾಗಿಯೂ ಇರುವುದರಿಂದ ಇಂತಹ ಗಟ್ಟಿಯಾದ ಸರಿಯಿಲ್ಲದೆ ಹಾಸು ನಿಲ್ಲುವುದಿಲ್ಲ. ಹೊಸ ಕಂಬಳಿಯು ಹಲಗೆಯಂತೆ ಬಿರುಸಾಗಿರುವುದಕ್ಕೆ ಕಾರಣವೂ ಇದೇ. ತೂಕದಲ್ಲಿ ವೃದ್ಧಿಯನ್ನು ಉಂಟುಮಾಡತಕ್ಕದ್ದು ತಂತುವಿನ ಜಾತಿಯಲ್ಲ, ನೂಲಿನ ಕಟ್ಟಡ; ಗಿಡ್ಡ ಕೂದಲುಗಳನ್ನು ಕೂಡಿಸಿ ನೂತುದೋ, ಅಖಂಡವಾದ ಎಳೆಯೋ ಎಂಬುದೇ ಇಲ್ಲಿ ನಿರ್ಣಾಯಕ. ಅಮರನು ಹುಟ್ಟಿನಿಂದ ವಿಭಾಗಿಸಿದರೆ, ಯಾಜ್ಞವಲ್ಕ್ಯನು ಮಗ್ಗದಲ್ಲಿ ನೂಲು ನಡೆದುಕೊಳ್ಳುವ ರೀತಿಯಿಂದ ವಿಭಾಗಿಸಿದನು. ಒಬ್ಬನದು ಕೋಶಕಾರನ ದೃಷ್ಟಿ, ಮತ್ತೊಬ್ಬನದು ತಕ್ಕಡಿಯ ಮುಂದೆ ಕುಳಿತ ನ್ಯಾಯಾಧಿಪತಿಯ ದೃಷ್ಟಿ.

ಇನ್ನು ಹತ್ತು, ಐದು, ಮೂರು ಎಂಬ ಇಳಿತದ ಕ್ರಮ. ಇಲ್ಲಿ ನಿಜವಾದ ಕಷ್ಟವುಂಟು. ಈಗಿನ ಗಿರಣಿಗಳಲ್ಲಿ ನೂಲಿನ ಸೂಕ್ಷ್ಮತೆಯನ್ನು ನಂಬರಿನಿಂದ ಹೇಳುತ್ತಾರೆ. ಒಂದು ಪೌಂಡು ಹತ್ತಿಯ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟೋ ಅಷ್ಟೇ ಅದರ ನಂಬರು. ನಂಬರು ಹೆಚ್ಚಿದಷ್ಟೂ ನೂಲು ಸೂಕ್ಷ್ಮ. ಸೂಕ್ಷ್ಮವಾದ ನೂಲಿಗೆ ತೂಕದ ಪ್ರಮಾಣದಲ್ಲಿ ಹೆಚ್ಚು ಗಂಜಿಯನ್ನು ಹಾಕುವುದೇ ಗಿರಣಿಗಳ ಸಾಮಾನ್ಯ ನಿಯಮ. ಏಕೆಂದರೆ ಎಳೆ ತೆಳುವಾದಷ್ಟೂ ತೂಕಕ್ಕೆ ಹೋಲಿಸಿದರೆ ಅದರ ಮೈಯ ವಿಸ್ತಾರವು ಹೆಚ್ಚು, ಬಲವೂ ಕಡಮೆ. ಸ್ಮೃತಿಯು ಇದಕ್ಕೆ ನೇರವಾಗಿ ವಿರುದ್ಧವಾದುದನ್ನು ಹೇಳುತ್ತಿದೆ. ಸ್ಮೃತಿಕಾರನು ತಪ್ಪಿದನೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ; ಯಾಜ್ಞವಲ್ಕ್ಯ ನಾರದರಿಬ್ಬರೂ ಒಂದೇ ರೀತಿಯಲ್ಲಿ ಹೇಳಿ ವ್ಯಾಖ್ಯಾತೃವು ಅದನ್ನು ಅಂಗೀಕರಿಸಿರುವಾಗ ಆ ಸುಲಭಮಾರ್ಗವು ಯುಕ್ತವಲ್ಲ.

ನಮಗೆ ತೋರುವ ಸಮಾಧಾನವು ಹೀಗಿದೆ. ಸ್ಮೃತಿಯಲ್ಲಿ ಹೇಳಿರುವುದು ಗಂಜಿಯ ಪ್ರಮಾಣವನ್ನಲ್ಲ. ಗಂಜಿಯಿಂದ ಬಂದ ವೃದ್ಧಿಯಲ್ಲಿ ನೂಲಿನ ನಷ್ಟವನ್ನು ಕಳೆದು ಉಳಿಯುವ ಶೇಷವನ್ನು. ತಕ್ಕಡಿಗೆ ಶೇಷವು ಮಾತ್ರ ಕಾಣುವುದು. ದಪ್ಪ ನೂಲು ವಿರಳವಾಗಿ ಹರಿಯುತ್ತದೆ. ಸೂಕ್ಷ್ಮವಾದುದು ಹೆಜ್ಜೆಹೆಜ್ಜೆಗೂ ಹರಿದು, ಗಂಟುಹಾಕಿದ ತುದಿಗಳೂ ಬಿಸುಟ ತುಂಡುಗಳೂ ಹೆಚ್ಚಾಗುತ್ತವೆ. ಸಡಿಲವಾಗಿ ನೂತ ದಪ್ಪ ನೂಲು ಗಂಜಿಯನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಬಿಗಿಯಾಗಿ ಹುರಿಮಾಡಿದ ಸೂಕ್ಷ್ಮ ನೂಲಿಗೆ ಗಂಜಿಯು ಮೈಮೇಲೆ ಮಾತ್ರ ನಿಲ್ಲುವುದು. ಢಾಕೆಯ ಮಲಮಲಿನ ನೇಕಾರರು ಅಕ್ಕಿಯ ದಪ್ಪ ಗಂಜಿಯನ್ನು ಬಿಟ್ಟು, ಅರಳನ್ನು ನೀರಿನಲ್ಲಿ ಕಲಸಿ ಸ್ವಲ್ಪ ಸುಣ್ಣವನ್ನು ಸೇರಿಸಿದ ಸರಿಯನ್ನು ಬಳಸುತ್ತಿದ್ದರು. ಗಿರಣಿಯ ಯಂತ್ರವು ಎಳೆಯನ್ನು ಎಳೆದಾಡುವ ವೇಗವು ಕೈಮಗ್ಗದಲ್ಲಿಲ್ಲದುದರಿಂದ ಅಷ್ಟು ಗಂಜಿಯ ಆವಶ್ಯಕತೆಯೂ ಇರಲಿಲ್ಲ. ಹೀಗಿದ್ದರೂ ಹತ್ತರ ಅಂಕಿಯು ದೊಡ್ಡದೆಂಬುದನ್ನು ಒಪ್ಪಲೇಬೇಕು. ಗಂಜಿಯು ಹಾಸಿಗೆ ಮಾತ್ರವಿದ್ದು ಹಾಸು ಬಟ್ಟೆಯ ಅರ್ಧ ತೂಕವಾಗಿದ್ದರೆ, ಒಟ್ಟು ನೂರಕ್ಕೆ ಹತ್ತು ಹೆಚ್ಚಬೇಕಾದರೆ ಹಾಸಿನ ಮೇಲೆ ನೂರಕ್ಕೆ ಇಪ್ಪತ್ತು ಗಂಜಿ ಬೇಕು. ಕಂಬಳಿಗೆ ಇದು ಸಲ್ಲಬಹುದು, ಹತ್ತಿಗೆ ಭಾರವಾಯಿತು. ಮನುವೂ ಕೌಟಿಲ್ಯನೂ ಭೇದವನ್ನೇ ಮಾಡದೆ ಎಲ್ಲಕ್ಕೂ ಹತ್ತಕ್ಕೆ ಹನ್ನೊಂದೆಂದರು. ಯಾಜ್ಞವಲ್ಕ್ಯನು ಆ ಹಳೆಯ ಅಂಕಿಯನ್ನು ಸ್ಥೂಲಕ್ಕೆ ಮಾತ್ರ ಉಳಿಸಿ ಮಧ್ಯಮಕ್ಕೂ ಸೂಕ್ಷ್ಮಕ್ಕೂ ಇಳಿಸಿದನು. ಆತನ ಕಾಲಕ್ಕೆ ನೇಕಾರರ ಆಕ್ಷೇಪವು ರಾಜಸಭೆಯ ವರೆಗೆ ಮುಟ್ಟಿದ್ದಿತೆಂದು ಊಹಿಸಿದರೆ ಅದು ಅತಿಸಾಹಸವಾಗಲಾರದು.

ತೂಕದಲ್ಲಿ ಇನ್ನೊಂದು ಅದೃಶ್ಯವಾದ ಅಂಶವುಂಟು. ಅದು ಗಾಳಿಯ ತೇವ. ಸಾಧಾರಣವಾದ ಹವೆಯಲ್ಲಿ ಪೂರ್ತಿ ಒಣಗಿದ ನೂರು ಪಾಲು ಹತ್ತಿಯು ಸುಮಾರು ಎಂಟೂವರೆ ಪಾಲು, ರೇಷ್ಮೆಯು 11, ಉಣ್ಣೆಯು 16 ಅಥವಾ ಅದಕ್ಕೂ ಹೆಚ್ಚು ಪಾಲು ನೀರನ್ನು ಹೀರಿಕೊಂಡಿರುವುದು. ಮುಟ್ಟಿನೋಡಿದರೆ ಒಣಗಿದಂತೆಯೇ ಇರುವುದು. ಬೇಸಗೆಯಲ್ಲಿ ತೂಗಿ ಕೊಟ್ಟ ಉಣ್ಣೆಯನ್ನು ಶ್ರಾವಣದಲ್ಲಿ ತೂಗಿ ತೆಗೆದುಕೊಂಡರೆ ಗಂಜಿಯಿಲ್ಲದೆಯೇ ವೃದ್ಧಿಯಾಗಿರುವುದನ್ನು ಕಾಣಬಹುದು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಈ ಕಾರಣದಿಂದಲೇ 1805ರಲ್ಲಿ ರೇಷ್ಮೆಯ ತೇವವನ್ನು ಪರೀಕ್ಷಿಸಿ ನ್ಯಾಯವಾದ ತೂಕವನ್ನು ನಿರ್ಣಯಿಸುವುದಕ್ಕೆ ಸರ್ಕಾರದ ಶಾಲೆಯೊಂದು ಸ್ಥಾಪಿತವಾಯಿತು. ನಮ್ಮ ಸ್ಮೃತಿಕಾರರು ಇದನ್ನು ಬಿಡಿಸಿ ಹೇಳಿಲ್ಲ.

ಗಂಜಿಯ ನೆಪದಿಂದ ತೂಕವನ್ನು ಹೆಚ್ಚಿಸುವ ಮೋಸವು ನಮ್ಮ ದೇಶದ ನೇಕಾರನೊಬ್ಬನದೇ ಎಂದು ಯಾರೂ ಭಾವಿಸಬಾರದು. ಅಮೆರಿಕದ ಅಂತರ್ಯುದ್ಧದಿಂದ 1861ರಿಂದ 1865ರ ವರೆಗೆ ಹತ್ತಿಯ ಅಭಾವವುಂಟಾದಾಗ, ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ಗಿಡ್ಡ ಎಳೆಯ ಸೂರತಿ ಹತ್ತಿಗೆ ಗಂಜಿಯೊಡನೆ ಚೀನೀಜೇಡಿಯನ್ನೂ ಯಥೇಷ್ಟವಾಗಿ ಸೇರಿಸಲಾರಂಭಿಸಿದವು; ಅಭಾವವು ತೀರಿದ ಮೇಲೂ ಆ ಚಾಳಿಯು ಬಿಡಲಿಲ್ಲ. ಹಾಗೆ ಭಾರಮಾಡಿದ ಬಟ್ಟೆಯು ಹಿಂದೂಸ್ಥಾನದ ಪೇಟೆಗಳಿಗೂ ಬಂದಿತು; ಮೊದಲನೆಯ ಒಗೆತಕ್ಕೆ ಜೇಡಿಯೆಲ್ಲವೂ ಹೊಳೆಯ ಪಾಲಾಗಿ, ಕೊಂಡವನ ಕೈಯಲ್ಲಿ ಬಲೆಯಂತಹ ಬಟ್ಟೆಯುಳಿಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ರೇಷ್ಮೆಯ ವರ್ತಕರು, ಕುದಿಸುವಾಗ ಹೋದ ತೂಕವನ್ನು ತವರದ ಲವಣಗಳಿಂದ ತುಂಬಿಕೊಟ್ಟು, ಎಷ್ಟೋ ವೇಳೆ ಹೋದುದಕ್ಕಿಂತಲೂ ಹೆಚ್ಚಾಗಿಯೇ ತುಂಬಿದರು. ಅಂತಹ ರೇಷ್ಮೆಯು ಕೆಲವು ವರ್ಷಗಳಲ್ಲಿ ಇಟ್ಟಲ್ಲಿಯೇ ಬಿರಿದು ಚೂರಾಗುವುದು. ಕೌಶೇಯದಲ್ಲಿ ವೃದ್ಧಿಯಿಲ್ಲವೆಂಬ ನಿಯಮವು ಅಲ್ಲಿ ಜಾರಿಯಲ್ಲಿದ್ದಿದ್ದರೆ ಈ ವರ್ತಕರೆಲ್ಲರೂ ದಂಡವನ್ನು ತೆರಬೇಕಾಗಿತ್ತು.

ಮೊದಲ ಒಗೆತದಲ್ಲಿ ಬಟ್ಟೆಯ ಬೆಲೆಯೂ ಇಳಿಯುತ್ತದೆಂಬುದನ್ನು ನಾರದನು ಲೆಕ್ಕಹಾಕಿಯೇ ಹೇಳಿದ್ದಾನೆ. ಒಮ್ಮೆ ತೊಳೆದ ಬಟ್ಟೆಗೆ ಬೆಲೆಯಲ್ಲಿ ಎಂಟನೆಯ ಒಂದು ಪಾಲು, ಎರಡು ಸಲ ತೊಳೆದುದಕ್ಕೆ ಕಾಲುಪಾಲು, ಮೂರು ಸಲಕ್ಕೆ ಮೂರನೆಯ ಒಂದು ಪಾಲು, ನಾಲ್ಕು ಸಲಕ್ಕೆ ಅರ್ಧ ಕಡಮೆಯಾಗುವುದು. ಅಲ್ಲಿಂದ ಮುಂದೆ ಕ್ರಮವಾಗಿ ಕಾಲುಕಾಲಂಶ ಇಳಿಯುತ್ತ, ದಶೆಗಳೂ ಸವೆದು ಜೀರ್ಣವಾದ ಮೇಲೆ ನಿಯಮವಿಲ್ಲ. ದಶೆಯೆಂದರೆ ಬಟ್ಟೆಯ ಅಂಚಿನ ನೂಲುಗಳು. ಸವೆತವನ್ನು ಅಂಚಿನಲ್ಲಿ ನೋಡಿ ಅಳೆಯಬೇಕೆಂಬ ಈ ಸೂಚನೆಯು ಬಟ್ಟೆಯನ್ನು ಉಟ್ಟು ಒಗೆದು ಬಲ್ಲವರ ಮಾತು.

ಉಳಿದುದು ಕ್ಷಯದ ವಿಚಾರ. ಮೂವತ್ತರಲ್ಲೊಂದು ಪಾಲು ಕ್ಷಯವಾಗುವ ಕಾರ್ಮಿಕವೆಂಬುದನ್ನು ವಿಜ್ಞಾನೇಶ್ವರನು, ಸಿದ್ಧವಾದ ಪಟದ ಮೇಲೆ ಚಕ್ರ, ಸ್ವಸ್ತಿಕ ಮುಂತಾದ ಚಿತ್ರಗಳನ್ನು ನೂಲಿನಿಂದ ಮಾಡಿದುದೆಂದು ವಿವರಿಸುತ್ತಾನೆ. ಓದಿದೊಡನೆ ಕನ್ನಡಿಗರಿಗೆ ಇಳಕಲ್ ಸೀರೆಯ ಮೇಲಿನ ಕಸೂತಿಯು ನೆನಪಾಗದಿರದು. ಎರಡೂ ಒಂದೇ ಎಂದು ಸಾಧಿಸುವುದಕ್ಕೆ ಈ ವಾಕ್ಯವು ಸಾಲದು. ಆದರೆ ನೆಯ್ಗೆಯಲ್ಲಿ ಮೂಡಿದ ಚಿತ್ರ, ನೆಯ್ದ ಮೇಲೆ ಸೂಜಿಯಿಂದ ಹಾಕಿದ ಚಿತ್ರ ಎಂಬ ಭೇದವನ್ನು ಆತನು ಸ್ಪಷ್ಟವಾಗಿ ಗ್ರಹಿಸಿದ್ದನೆಂಬುದಕ್ಕೆ ಸಾಕು. ಸೂಜಿಯ ಕೆಲಸದಲ್ಲಿ ಪ್ರತಿಯೊಂದು ಚಿತ್ರದ ಕೊನೆಗೂ ನೂಲನ್ನು ಕತ್ತರಿಸಬೇಕಾಗುವುದರಿಂದ ತುಂಡುಗಳು ಬೀಳುತ್ತವೆ, ಗಂಜಿಯ ಮಾತೇ ಇಲ್ಲ, ಆದುದರಿಂದ ಕ್ಷಯವೊಂದೇ. ರೋಮಬದ್ಧವೆಂದರೆ ಪ್ರಾವಾರ ಮೊದಲಾದವುಗಳಲ್ಲಿ ರೋಮಗಳನ್ನು ಕಟ್ಟಿದುದು. ಪ್ರಾವಾರವು ಹೊದೆಯುವ ಬಟ್ಟೆ. ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಹೇಮಂತಕ್ಕೆ ಹೇಳಿದ ವಸ್ತುಗಳಲ್ಲಿ ಇದೇ ಮೊದಲನೆಯದು. ಅಲ್ಲಿ ಆತನು ಹೊದಿಕೆಯು ಸ್ವಭಾವದಿಂದ ಉಷ್ಣವಾಗಿಯೂ ಹಗುರವಾಗಿಯೂ ಇರಬೇಕೆನ್ನುತ್ತಾನೆ. ಬೆಚ್ಚಗಿರುವುದಕ್ಕೆ ಭಾರವು ಕಾರಣವಲ್ಲ, ಮೇಲೆದ್ದ ರೋಮಗಳ ನಡುವೆ ಅಲುಗಾಡದೆ ನಿಂತ ಗಾಳಿಯು ಕಾರಣವೆಂಬುದು ಈಗಿನ ಶಾಸ್ತ್ರ. ರೋಮವನ್ನು ಮೇಲೆಬ್ಬಿಸಿ ಸಮನಾಗಿ ಕತ್ತರಿಸುವಾಗ ಉದುರುವ ಧೂಳೇ ಆ ಮೂವತ್ತರಲ್ಲೊಂದು ಪಾಲು ಇರಬೇಕು.

ಈ ಪಟ್ಟಿಗೆ ಸೇರದ ದ್ರವ್ಯಗಳಿಗೆ ಏನು ಗತಿಯೆಂದು ಕೇಳಿದರೆ, ಯಾಜ್ಞವಲ್ಕ್ಯನು ಮುಂದಿನ ಶ್ಲೋಕದಲ್ಲಿ ದೇಶವನ್ನೂ ಕಾಲವನ್ನೂ ಉಪಭೋಗವನ್ನೂ ವಸ್ತುವಿನ ಬಲಾಬಲವನ್ನೂ ತಿಳಿದು ಆಯಾ ದ್ರವ್ಯದಲ್ಲಿ ಕುಶಲರಾದವರು ಎಷ್ಟೆಂದು ಹೇಳುವರೋ ಅಷ್ಟನ್ನು ನಿಸ್ಸಂಶಯವಾಗಿ ಕೊಡಿಸಬೇಕೆಂದು ಹೇಳಿ ಪ್ರಕರಣವನ್ನು ಮುಗಿಸುತ್ತಾನೆ. ಇಲ್ಲಿ ಪ್ರಮಾಣವೆಂದು ಹೇಳಲ್ಪಟ್ಟವರು ಧರ್ಮಶಾಸ್ತ್ರವನ್ನು ಓದಿದ ಸಭ್ಯರಲ್ಲ, ದ್ರವ್ಯಕುಶಲರು. ಬಟ್ಟೆಯ ವಿಷಯದಲ್ಲಿ ಅವರು ನೇಕಾರರೂ ಬಟ್ಟೆಯ ವರ್ತಕರೂ ಅಗಸರೂ ಆಗಿರಬೇಕು.